ಆಪರೇಷನ್‌ಗೆ ಮೊದಲು ಕೊಡುವ ಇಂಜೆಕ್ಷನ್‌ನಿಂದ ಕೈ ಉರಿದರೆ ಅದು ಅಲರ್ಜಿಯೇ?

ಒಂದೇ ಮಾತಿನಲ್ಲಿ
ಬರೀ ಉರಿಯಷ್ಟೇ ಇದ್ದರೆ ಅದು ಅಲರ್ಜಿಯ ಲಕ್ಷಣವಲ್ಲ. ಕೆಲವು ಅರಿವಳಿಕೆ ಔಷಧಗಳ ಗುಣವೇ ಹಾಗೆ. ಆದರೆ ಅದನ್ನು ತಗ್ಗಿಸಲು ದಾರಿಗಳಿವೆ.

ಗಂಗಾವತಿ ತಾಲೂಕಿನ ಹೇಮಗುಡ್ಡದಂಥ ಊರುಗಳಿಂದ ಆಪರೇಷನ್‌ಗೆಂದು ಗಂಗಾವತಿಗೋ ಕೊಪ್ಪಳಕ್ಕೋ ಹೋಗುವವರಿಗೆ ಕತ್ತರಿಗಿಂತ ಅರಿವಳಿಕೆಯ ಭಯವೇ ಹೆಚ್ಚು. ‘ಇಂಜೆಕ್ಷನ್ ಕೊಟ್ಟ ಕೂಡಲೇ ಕೈ ಉರಿಯಿತು, ಔಷಧ ಒಗ್ಗಲಿಲ್ಲ’ ಎಂಬ ಮಾತನ್ನು ನಂಬಿ ಮುಂದಿನ ಚಿಕಿತ್ಸೆಗೇ ಹಿಂಜರಿದರೆ ನಷ್ಟ ರೋಗಿಗೇ. ಹಾಗಾಗಿ ನಾವು ಈ ಮಾತನ್ನು ಪರಿಶೀಲಿಸಿದೆವು.

ಯಾವ ಔಷಧದಿಂದ ಉರಿ?
ಪೂರ್ಣ ಅರಿವಳಿಕೆಯಲ್ಲಿ ಸಾಮಾನ್ಯವಾಗಿ ಮೊದಲು ನಿದ್ದೆ ತರಿಸುವ ಪ್ರೊಪೊಫಾಲ್ ಕೊಡುತ್ತಾರೆ. ರೋಗಿಗೆ ನೆನಪಿರುವ ಉರಿ ಹೆಚ್ಚಾಗಿ ಇದರದ್ದೇ. ಆಮೇಲೆ, ಉಸಿರಾಟದ ಕೊಳವೆ ಹಾಕಲು ಸ್ನಾಯುಗಳನ್ನು ಸಡಿಲಿಸುವ ಔಷಧ ಕೊಡುತ್ತಾರೆ. ಇವುಗಳಲ್ಲಿ ರೊಕ್ಯುರೋನಿಯಂ ನೋವಿಗೆ ಹೆಸರುವಾಸಿ. ಮೊದಲೇ ಏನೂ ಮುನ್ನೆಚ್ಚರಿಕೆ ವಹಿಸದಿದ್ದರೆ ನೂರಕ್ಕೆ 50ರಿಂದ 80 ರೋಗಿಗಳಲ್ಲಿ ಇದು ಕಾಣಿಸುತ್ತದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ವೆಕ್ಯುರೋನಿಯಂನಲ್ಲಿ ಈ ತೊಂದರೆ ಕಡಿಮೆ.

ನಿದ್ದೆಯಲ್ಲಿರುವವರಿಗೆ ನೋವಾದರೇನು?
ಎಚ್ಚರ ತಪ್ಪಿದ್ದರೂ ದೇಹ ನೋವಿಗೆ ಸ್ಪಂದಿಸುತ್ತದೆ. ರೋಗಿ ತಟ್ಟನೆ ಕೈ ಎಳೆದುಕೊಳ್ಳಬಹುದು, ಮಕ್ಕಳಲ್ಲಿ ಇಡೀ ಮೈ ಮಿಸುಕಾಡಬಹುದು. ಆಗ ಕೈಗೆ ಹಾಕಿದ ಸೂಜಿ ಕಳಚಿದರೆ ಔಷಧ ಒಳಹೋಗುವುದೇ ನಿಲ್ಲುತ್ತದೆ. ಆದ್ದರಿಂದ ಇದು ಸುರಕ್ಷತೆಯ ಪ್ರಶ್ನೆಯೂ ಹೌದು.

ಉರಿ ಏಕೆ?
ನಮ್ಮ ರಕ್ತದ ಪಿಎಚ್ ಸುಮಾರು 7.4. ರೊಕ್ಯುರೋನಿಯಂ ದ್ರಾವಣದ್ದು ಸುಮಾರು 4, ಅಂದರೆ ಆಮ್ಲೀಯ. ಇದು ರಕ್ತನಾಳದ ಒಳಗಿನ ನೋವಿನ ನರತುದಿಗಳನ್ನು ಕೆರಳಿಸುತ್ತದೆ ಎಂಬುದು ಒಂದು ವಿವರಣೆ. ನೋವು ಹುಟ್ಟಿಸುವ ಬ್ರಾಡಿಕೈನಿನ್‌ನಂಥ ವಸ್ತುಗಳು ಬಿಡುಗಡೆಯಾಗುತ್ತವೆ ಎಂಬುದು ಇನ್ನೊಂದು.

ವೈದ್ಯರು ಏನು ಮಾಡುತ್ತಾರೆ?
- ಮೊದಲು ಲಿಗ್ನೊಕೇನ್ ಕೊಡುತ್ತಾರೆ. ತೋಳಿಗೆ ಪಟ್ಟಿ ಬಿಗಿದು ಅದನ್ನು ಸ್ವಲ್ಪ ಹೊತ್ತು ಅದೇ ರಕ್ತನಾಳದಲ್ಲಿ ಉಳಿಸುವುದೂ ಉಂಟು.
- ಫೆಂಟನಿಲ್ ಅಥವಾ ರೆಮಿಫೆಂಟನಿಲ್‌ನಂಥ ಬಲವಾದ ನೋವುನಿವಾರಕ ಕೊಡುತ್ತಾರೆ.
- ಅಂಗೈ ಹಿಂಭಾಗದ ಸಣ್ಣ ರಕ್ತನಾಳದ ಬದಲು ದೊಡ್ಡದನ್ನು ಆರಿಸುತ್ತಾರೆ.
- ಔಷಧವನ್ನು ಸಲೈನ್‌ನಲ್ಲಿ ತೆಳುಮಾಡುತ್ತಾರೆ.

2016ರ ಕೊಕ್ರೇನ್ ವಿಮರ್ಶೆ 60ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಲಿಗ್ನೊಕೇನ್, ಫೆಂಟನಿಲ್, ರೆಮಿಫೆಂಟನಿಲ್ ಮೂರೂ ನೋವು ತಗ್ಗಿಸುತ್ತವೆ ಎಂದು ಕಂಡರೂ ಪುರಾವೆಯ ಗುಣಮಟ್ಟ ಅಷ್ಟು ಗಟ್ಟಿಯಾಗಿರಲಿಲ್ಲ. ಹೀಗಾಗಿ ‘ಇದೊಂದೇ ಸರಿ’ ಎನ್ನುವಂಥ ವಿಧಾನವಿಲ್ಲ. ರೋಗಿಯ ವಯಸ್ಸು, ಹೃದಯದ ಸ್ಥಿತಿ, ತುರ್ತು ನೋಡಿ ಅರಿವಳಿಕೆ ತಜ್ಞರು ನಿರ್ಧರಿಸುತ್ತಾರೆ.

ಹಾಗಾದರೆ ಅಲರ್ಜಿ ಆಗುವುದೇ ಇಲ್ಲವೇ?
ಅಪರೂಪಕ್ಕೆ ಆಗುತ್ತದೆ, ಅದು ಗಂಭೀರವೂ ಹೌದು. ಮೈಮೇಲೆ ದದ್ದು, ಉಸಿರಾಟದ ತೊಂದರೆ, ರಕ್ತದೊತ್ತಡ ಕುಸಿತ ಅದರ ಲಕ್ಷಣಗಳು. ಇದನ್ನು ಗಮನಿಸಲೆಂದೇ ತಜ್ಞರು ರೋಗಿಯ ಪಕ್ಕದಲ್ಲಿರುತ್ತಾರೆ.

ನೀವು ಏನು ಹೇಳಬೇಕು?
ಹಿಂದೆ ಯಾವುದಾದರೂ ಔಷಧಕ್ಕೆ ದದ್ದು ಅಥವಾ ಉಬ್ಬಸ ಬಂದಿದ್ದರೆ ಮೊದಲೇ ತಿಳಿಸಿ. ಸಲೈನ್ ಹಾಕಿದ ಜಾಗ ಊದಿದ್ದರೆ, ನೋಯುತ್ತಿದ್ದರೆ ಸುಮ್ಮನಿರಬೇಡಿ. ಸೂಜಿ ರಕ್ತನಾಳದಿಂದ ಜಾರಿರಬಹುದು. ಕಳೆದ ಸಲ ಕೈ ಉರಿದಿದ್ದರೆ ಅದನ್ನೂ ಹೇಳಿ. ಅಷ್ಟಕ್ಕೇ ಆಪರೇಷನ್ ಮುಂದೂಡಬೇಕಿಲ್ಲ. ಈ ಸಲ ಉರಿ ತಗ್ಗಿಸಲು ವೈದ್ಯರಿಗೆ ಆ ಒಂದು ಮಾತು ನೆರವಾಗುತ್ತದೆ.