ಬೆಳ್ಳಕ್ಕಿಯ ತುರಾಯಿ

ಕೆರೆಯಂಚಿನಲ್ಲಿ ಮೀನಿಗಾಗಿ ಹೊಂಚಿ ನಿಂತ ಬೆಳ್ಳಕ್ಕಿಯು ವರ್ಷವಿಡೀ ಒಂದೇ ವೇಷದಲ್ಲಿರುವುದೆಂದು ಅನೇಕರ ಭಾವನೆ. ಅದು ನಿಜವಲ್ಲ. ಗೂಡುಕಟ್ಟುವ ಕಾಲವು ಸಮೀಪಿಸಲು ಸಣ್ಣ ಬೆಳ್ಳಕ್ಕಿಯ ನೆತ್ತಿಯ ಹಿಂದಿನಿಂದ ಎರಡು ನೀಳವಾದ ಗರಿಗಳು ಇಳಿಬೀಳುತ್ತವೆ. ಬೆನ್ನಿನ ಮೇಲೆ ರೇಷ್ಮೆಯನ್ನು ಎಳೆಯೆಳೆಯಾಗಿ ಬಿಡಿಸಿದಂತಹ ಗರಿಗಳ ತುರಾಯಿಯು ಮೂಡಿ ಬಾಲದವರೆಗೂ ಹರಡುತ್ತದೆ. ದೊಡ್ಡ ಬೆಳ್ಳಕ್ಕಿಯ ಹಳದಿ ಕೊಕ್ಕು ಕಪ್ಪಾಗುತ್ತದೆ. ಗೋವಕ್ಕಿಯ ತಲೆ, ಎದೆ, ಬೆನ್ನುಗಳಿಗೆ ಹೊಂಬಣ್ಣವೇರುತ್ತದೆ. ನವಿಲಿನಲ್ಲಿರುವಂತೆ ಈ ಸಿಂಗಾರವು ಗಂಡಿಗೆ ಮಾತ್ರ ಮೀಸಲಲ್ಲ; ಹೆಣ್ಣಿಗೂ ಉಂಟು. ಋತುವು ಕಳೆದ ಮೇಲೆ ಎಲ್ಲವೂ ಸವೆದು ಉದುರಿಹೋಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೂರೋಪು, ಅಮೆರಿಕಗಳ ಸ್ತ್ರೀಯರ ಟೋಪಿಗಳಿಗೆ ಈ ತುರಾಯಿಯೇ ಬೇಕಾಯಿತು. ಒಂದು ಕಾಲಕ್ಕೆ ಅದರ ಬೆಲೆಯು ಸಮತೂಕದ ಚಿನ್ನದ ಬೆಲೆಯನ್ನೂ ಮೀರಿತು. 1902ರಲ್ಲಿ ಲಂಡನ್ ಪೇಟೆಯೊಂದರಲ್ಲೇ ಸುಮಾರು 48,000 ಔನ್ಸು ಗರಿಗಳು ಮಾರಾಟವಾದುವೆಂದೂ, ಔನ್ಸಿಗೆ ನಾಲ್ಕರಂತೆ ಸುಮಾರು 1,93,000 ಹಕ್ಕಿಗಳು ಇದಕ್ಕಾಗಿ ಸತ್ತುವೆಂದೂ ಅಮೆರಿಕದ ಹಾರ್ನಡೇ ಎಂಬ ಪ್ರಾಣಿಶಾಸ್ತ್ರಜ್ಞನು 1913ರಲ್ಲಿ ಲೆಕ್ಕ ಹಾಕಿದನು. ಈ ಲೆಕ್ಕಕ್ಕೆ ಸೇರದ ಸಾವುಗಳೂ ಇದ್ದುವು. ತುರಾಯಿಯು ಮರಿಸಾಕುವ ಕಾಲದಲ್ಲಿ ಮಾತ್ರ ಇರುವುದರಿಂದ ಬೇಟೆಗಾರರು ಗೂಡುಗಳ ಬಳಿಗೇ ಹೋದರು. ಮರಿಗಳನ್ನು ಬಿಟ್ಟು ದೂರ ಹೋಗಲಾರದ ಹಕ್ಕಿಗಳನ್ನು ಹೊಡೆಯುವುದು ಸುಲಭವಾಗಿತ್ತು. ತಾಯಿತಂದೆಗಳು ಸತ್ತ ಗೂಡುಗಳಲ್ಲಿ ಮರಿಗಳು ಹಸಿದು ಸತ್ತುವು. ತಾವು ಉದುರಿದ ಗರಿಗಳನ್ನಷ್ಟೇ ಆಯ್ದು ತರಿಸುವುದಾಗಿ ವರ್ತಕರು ಹೇಳಿಕೊಂಡರು. ಸವೆದುದುರಿದ ಗರಿಗೆ ಆ ಬೆಲೆಯನ್ನು ಯಾರು ಕೊಟ್ಟಾರು!

ಇದರ ವಿರುದ್ಧ ಸ್ತ್ರೀಯರೇ ಎದ್ದರು. 1889ರಲ್ಲಿ ಮ್ಯಾಂಚೆಸ್ಟರಿನ ಬಳಿ ಎಮಿಲಿ ವಿಲಿಯಮ್‌ಸನ್, 1896ರಲ್ಲಿ ಬಾಸ್ಟನ್ನಿನಲ್ಲಿ ಹ್ಯಾರಿಯೆಟ್ ಹೆಮೆನ್‌ವೇ ಮತ್ತು ಮಿನ್ನಾ ಹಾಲ್ ತಮ್ಮ ಗೆಳತಿಯರನ್ನು ಕೂಡಿಸಿ ಗರಿಯ ಟೋಪಿಯನ್ನು ತ್ಯಜಿಸುವ ಸಂಘಗಳನ್ನು ಕಟ್ಟಿದರು. 1905ರಲ್ಲಿ ಫ್ಲಾರಿಡಾದ ಪಕ್ಷಿರಕ್ಷಕ ಗೈ ಬ್ರ್ಯಾಡ್ಲಿಯು ಬೇಟೆಗಾರನ ಗುಂಡಿಗೆ ಬಲಿಯಾದನು.

ಭಾರತ ಸರ್ಕಾರವು ಕಾಡುಹಕ್ಕಿಗಳ ಗರಿಗಳ ರಫ್ತನ್ನು 1902ರಲ್ಲೇ ನಿಷೇಧಿಸಿತು. ಆದರೆ ಆಮದನ್ನು ತಡೆಯುವ ಶಾಸನವು ಇಂಗ್ಲೆಂಡಿನಲ್ಲಿ ಆದುದು 1921ರಲ್ಲಿ. ಕೊಳ್ಳುವವನ ಬಾಗಿಲು ಹತ್ತೊಂಬತ್ತು ವರ್ಷ ತೆರೆದಿರಲು ಕಳ್ಳಸಾಗಣೆಯು ನಿಲ್ಲುವುದೆಂತು? ಸಿಂಧ್ ಪ್ರಾಂತದ ಕೆರೆಗಳ ಬಳಿ ಬೆಳ್ಳಕ್ಕಿಗಳನ್ನು ದೊಡ್ಡಿಗಳಲ್ಲಿ ಸಾಕಿ, ಅವುಗಳ ಗರಿಗಳನ್ನು ಕೀಳುತ್ತಿದ್ದುದೂ ಉಂಟು. 1920ರ ದಶಕದಲ್ಲಿ ಕೂದಲನ್ನು ಮೋಟಾಗಿ ಕತ್ತರಿಸಿಕೊಳ್ಳುವ ರೀತಿಯು ಹಬ್ಬಲು, ಭಾರಿ ಟೋಪಿಯನ್ನು ಸಿಕ್ಕಿಸಲು ಮುಡಿಯೇ ಉಳಿಯಲಿಲ್ಲ. ಬೇಡಿಕೆಯು ಕುಗ್ಗಿದುದರಲ್ಲಿ ಶಾಸನದೊಂದಿಗೆ ಇದಕ್ಕೂ ಪಾಲಿರಬೇಕು.