ಮಸ್ಕಿಯ ಬೆಟ್ಟದಲ್ಲಿ ಅಶೋಕನ ಹೆಸರು

ಬೌದ್ಧಧರ್ಮವು ತಾನು ಹೋದ ಅನೇಕ ದೇಶಗಳಲ್ಲಿ ಬೆಟ್ಟಗಳನ್ನು ಅರಸಿಕೊಂಡು ನೆಲಸಿತು. ಕ್ರಿ. ಶ. ೮೧೬ರಲ್ಲಿ ಜಪಾನಿನ ಕೂಕಾಯ್ ಎಂಬ ಆಚಾರ್ಯನು ಅಲ್ಲಿಯ ಚಕ್ರವರ್ತಿಯ ಅನುಮತಿಯನ್ನು ಪಡೆದು ಕೋಯಾ ಪರ್ವತದ ಮೇಲೆ ಆಶ್ರಮವನ್ನು ಸ್ಥಾಪಿಸಿದನು. ಅಲ್ಲಿಯ ದೇವಾಲಯಗಳಿಗೆ ಇಂದಿಗೂ ಯಾತ್ರಿಕರು ಹೋಗುತ್ತಿರುವರು. ಆದರೆ ಆ ಧರ್ಮದ ಕುರುಹನ್ನು ಬೆಟ್ಟದ ಮೇಲೆ ಕಾಣಲು ರಾಯಚೂರು ಸೀಮೆಯವರು ಕಡಲನ್ನು ದಾಟಬೇಕಾಗಿಲ್ಲ. ಕುರ್ಡಿಯವರು ಮಾನ್ವಿಗೆ ಬಂದು ಅಲ್ಲಿಂದ ಪಶ್ಚಿಮಕ್ಕೆ ನಡೆದರೆ ಮಸ್ಕಿಯು ಸಿಕ್ಕುವುದು. ಕೃಷ್ಣಾ ತುಂಗಭದ್ರೆಗಳ ನಡುವಣ ಈ ಪ್ರದೇಶವನ್ನೇ ನಮ್ಮ ಪೂರ್ವಿಕರು ಎಡೆದೊರೆ ನಾಡೆಂದು ಕರೆದರು.

ಇಲ್ಲಿ ಶಿಖರವನ್ನಾಗಲಿ ಪ್ರಾಕಾರವನ್ನಾಗಲಿ ನಾವು ನಿರೀಕ್ಷಿಸಬಾರದು. ಬೆಟ್ಟದ ಮೇಲಣ ಬೌದ್ಧ ದೇವಾಲಯವನ್ನೇ ನೋಡಬೇಕೆಂಬುವರು ಐಹೊಳೆಯ ಮೇಗುಟಿ ಬೆಟ್ಟಕ್ಕೆ ಹೋಗಬೇಕು. ಅಲ್ಲಿ ಎರಡು ಅಂತಸ್ತಿನ ಕಟ್ಟಡವೂ ಅದರ ಒಳಮಾಳಿಗೆಯಲ್ಲಿ ಕೆತ್ತಿದ ಬುದ್ಧಮೂರ್ತಿಯೂ ಇವೆ. ಮಸ್ಕಿಯಲ್ಲಿರುವುದಾದರೋ ಹೆಬ್ಬಂಡೆಗಳು ಒಂದರ ಮೇಲೊಂದು ಒರಗಿ ನಿಂತ ಗುಡ್ಡ, ಅದರ ಇಳಿಜಾರಿನಲ್ಲಿ ಒಂದು ಗುಹೆ, ಆ ಗುಹೆಯ ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯ ಕೆಲವು ಸಾಲುಗಳು. ಇಷ್ಟೇ ಆದರೂ ಭಾರತದ ಚರಿತ್ರೆಯ ಒಂದು ದೊಡ್ಡ ಸಂದೇಹವು ಪರಿಹಾರವಾದುದು ಈ ಸಾಲುಗಳಿಂದಲೇ.

ಆ ಸಂದೇಹವು ಯಾವುದು? ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸನು ಬ್ರಾಹ್ಮೀ ಲಿಪಿಯನ್ನು ಓದುವ ಬಗೆಯನ್ನು ಕಂಡುಹಿಡಿದಾಗ, ಉತ್ತರದ ಸ್ತಂಭಗಳಲ್ಲಿಯೂ ಬಂಡೆಗಳಲ್ಲಿಯೂ ಮಾತನಾಡುತ್ತಿದ್ದ ಅರಸನು ‘ದೇವಾನಂಪ್ರಿಯ’ ಎಂದೂ ‘ಪ್ರಿಯದರ್ಶಿ’ ಎಂದೂ ತನ್ನನ್ನು ಕರೆದುಕೊಂಡಿದ್ದುದು ತಿಳಿಯಿತು. ಇವೆಲ್ಲವೂ ಬಿರುದುಗಳು. ಸಿಂಹಳದ ಗ್ರಂಥಗಳ ಸಹಾಯದಿಂದ ಆತನು ಮೌರ್ಯ ವಂಶದ ಅಶೋಕನೇ ಎಂದು ಪಂಡಿತರು ಊಹಿಸಿದರು. ಊಹೆಯು ಬಲವಾದದ್ದೇ, ಆದರೂ ಸುಮಾರು ಎಂಟು ದಶಕಗಳ ಕಾಲ ಅರಸನ ಸ್ವಂತ ಶಾಸನದಲ್ಲಿ ಆತನ ಹೆಸರು ದೊರೆತಿರಲಿಲ್ಲ.

೧೯೧೫ರಲ್ಲಿ ನಿಜಾಮ ಸರ್ಕಾರದ ಚಿನ್ನದ ಗಣಿಗಳ ಎಂಜಿನಿಯರಾಗಿದ್ದ ಬೀಡನ್ ಎಂಬುವರು ಮಸ್ಕಿಯ ಈ ಶಾಸನವನ್ನು ಕಂಡರು. ಹಟ್ಟಿಯ ಚಿನ್ನದ ನೆಲವು ಇಲ್ಲಿಗೆ ದೂರವಲ್ಲ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಮೊದಲಲ್ಲಿಯೇ ‘ದೇವಾನಂಪ್ರಿಯ ಅಶೋಕನ’ ಎಂಬ ಅರ್ಥದ ಪ್ರಾಕೃತ ಪದಗಳಿದ್ದವು! ಪಾಟಲೀಪುತ್ರದ ಚಕ್ರವರ್ತಿಯ ಹೆಸರನ್ನು ಕನ್ನಡ ನಾಡಿನ ಕಲ್ಲೊಂದು ಉಳಿಸಿಕೊಂಡಿತ್ತು. ಮುಂದೆ ಗುಜರ್ರಾ, ನಿಟ್ಟೂರು, ಉಡೇಗೋಳಗಳ ಶಾಸನಗಳಲ್ಲಿಯೂ ಆ ಹೆಸರು ದೊರೆಯಿತು. ಆದರೆ ಮೊದಲು ಸಾಕ್ಷ್ಯ ನುಡಿದುದು ಮಸ್ಕಿ.

ಹೆಸರಿನ ಸಂಭ್ರಮದಲ್ಲಿ ನಾವು ಶಾಸನದ ಮಾತನ್ನು ಮರೆಯಬಾರದು. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮೇಲಾಯಿತೆಂದೂ, ಸಂಘವನ್ನು ಸೇರಿದ ಮೇಲೆ ತನ್ನ ಉತ್ಸಾಹವು ಹೆಚ್ಚಿತೆಂದೂ ಅರಸನು ತಿಳಿಸುತ್ತಾನೆ. ಧರ್ಮದಲ್ಲಿ ನಿರತನಾದ ಅಲ್ಪನೂ ಈ ಫಲವನ್ನು ಪಡೆಯಬಲ್ಲನು, ದೊಡ್ಡವರಿಗೆ ಮಾತ್ರ ಇದು ಸಾಧ್ಯವೆಂದು ಯಾರೂ ಎಣಿಸಬಾರದು, ಈ ಮಾತನ್ನು ಹಿರಿಯರಿಗೂ ಕಿರಿಯರಿಗೂ ಹೇಳಬೇಕು ಎಂಬುದು ಅದರ ತಾತ್ಪರ್ಯ. ಸಾಮಾನ್ಯವಾಗಿ ಅರಸರು ಬಂಡೆಗಳ ಮೇಲೆ ಬರೆಸುವುದು ತಮ್ಮ ಜಯಗಳನ್ನು, ದಾನಗಳನ್ನು. ಇಲ್ಲಿಯಾದರೋ ರಾಜಾಧಿರಾಜನೊಬ್ಬನು ತನಗೆ ಲಭಿಸಿದುದು ಹೊಲ ಉಳುವವನಿಗೂ ಲಭಿಸಬಹುದೆಂದು ಸಾರಿರುವನು. ಭಾಷೆಯು ಪ್ರಾಕೃತವಾದುದರಿಂದ ಇಲ್ಲಿಯ ಜನರಿಗೆ ಯಾರೋ ಅದನ್ನು ಓದಿ ಅರ್ಥ ಹೇಳಿರಬೇಕು.

ಮಸ್ಕಿಗೆ ಕೀರ್ತಿಯನ್ನು ತಂದುದು ಹೆಸರು. ಆದರೆ ಆ ಹೆಸರನ್ನು ಕಲ್ಲಿಗೆ ಒಪ್ಪಿಸಿದ ದೊರೆಗೆ ಮುಖ್ಯವಾಗಿದ್ದುದು ಮಾತು. ಬೆಟ್ಟವನ್ನು ನೋಡಲು ಹೋಗುವ ನಮ್ಮ ವಿದ್ಯಾರ್ಥಿಗಳು ಎರಡನ್ನೂ ತಿಳಿದು ಹಿಂದಿರುಗಿದರೆ ಅವರ ಯಾತ್ರೆಯು ಸಾರ್ಥಕವಾಗುವುದು.