ಹಿಡಿಯುವವನ ಆಟ

ಗರಡಿಮನೆಯ ಹಳೆಯ ಪೈಲ್ವಾನರು ಹೊಸ ಹುಡುಗರಿಗೆ ಒಂದು ಬುದ್ಧಿ ಹೇಳುವುದುಂಟು. ಎದುರಾಳಿಗೆ ಎಷ್ಟು ಪಟ್ಟು ಗೊತ್ತು ಎಂದು ಹೆದರಬೇಡ, ಯಾವ ಪಟ್ಟನ್ನು ಮೇಲಿಂದ ಮೇಲೆ ಹಾಕುತ್ತಾನೆ ನೋಡು ಎಂಬುದು ಅದು. ಮಣ್ಣಿನ ಅಖಾಡದ ಈ ಮಾತು ಇಂದು ಮೊಬೈಲ್ ಪರದೆಯ ಮೇಲಿನ ಫುಟ್ಬಾಲಿಗೂ ಸಲ್ಲುತ್ತದೆ ಎಂದರೆ ಆಶ್ಚರ್ಯವಾದೀತು.

1993ರಲ್ಲಿ ಫಿಫಾ ಹೆಸರಿನ ಮೊದಲ ಫುಟ್ಬಾಲ್ ವಿಡಿಯೊ ಆಟ ಮಾರುಕಟ್ಟೆಗೆ ಬಂತು. ಆಡಿದವರು ಬೇಗನೆ ಅದರಲ್ಲೊಂದು ಕಳ್ಳದಾರಿ ಕಂಡುಕೊಂಡರು. ಗೋಲ್‌ಕೀಪರ್ ಚೆಂಡನ್ನು ಒದೆಯುವ ಹೊತ್ತಿಗೆ ಅವನ ಮುಂದೆಯೇ ತಮ್ಮ ಆಟಗಾರನನ್ನು ತಂದು ನಿಲ್ಲಿಸಿದರೆ ಸಾಕು, ಚೆಂಡು ಅವನಿಗೆ ಬಡಿದು ಹಿಂದಕ್ಕೆ ಹಾರಿ ಗೋಲಾಗುತ್ತಿತ್ತು. ಮುಂದಿನ ಆಟಗಳಲ್ಲಿ ಬೇರೆ ದಾರಿಗಳು ಬಂದವು. ವೇಗದ ಆಟಗಾರನನ್ನು ಅಂಚಿನಲ್ಲಿ ಓಡಿಸಿ ಚೆಂಡನ್ನು ರಕ್ಷಕರ ತಲೆಯ ಮೇಲಿಂದ ದಾಟಿಸುವುದು, ಗೋಲಿನ ಗೆರೆಯವರೆಗೂ ಹೋಗಿ ಹಿಂದಕ್ಕೆ ತಳ್ಳುವುದು, ಇಂಥವು. ಹತ್ತು ಪಂದ್ಯ ಆಡಿದರೆ ಎಂಟರಲ್ಲಿ ಅದೇ ದಾಳಿ. ಬೇಸತ್ತವರು ತಯಾರಕ ಕಂಪನಿಗೆ ದೂರುತ್ತಾರೆ, ಕಂಪನಿ ಅಂತರ್ಜಾಲದ ಮೂಲಕ ತಿದ್ದುಪಡಿ ಕಳಿಸುತ್ತದೆ. ಆದರೆ ನುರಿತವರು ತಿದ್ದುಪಡಿಗೆ ಕಾಯುವುದಿಲ್ಲ. ನಡುವಿನ ರಕ್ಷಕನನ್ನು ಚೆಂಡಿನ ಮೇಲೆ ಏರಿ ಹೋಗಲು ಬಿಡದೆ ಅವನ ಜಾಗದಲ್ಲೇ ಇರಿಸಿ, ಚೆಂಡು ಹೋಗಬಹುದಾದ ದಾರಿಗೆ ಇನ್ನೊಬ್ಬನನ್ನು ಅಡ್ಡ ನಿಲ್ಲಿಸುತ್ತಾರೆ. ಮೊದಲು ಧಾವಿಸಿದವನು ಸೋಲುತ್ತಾನೆ ಎಂಬುದು ಅವರ ಲೆಕ್ಕ.

ಈ ಲೆಕ್ಕವನ್ನು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನ ಮೊರಬದಂಥ ಎರೆ ಸೀಮೆಯ ಊರುಗಳಲ್ಲಿ ಫುಟ್ಬಾಲ್ ಎಂದೂ ದೊಡ್ಡ ಆಟವಾಗಿರಲಿಲ್ಲ. ಅಲ್ಲಿನ ಆಟ ಕುಸ್ತಿ ಮತ್ತು ಕಬಡ್ಡಿ. ಒಬ್ಬನು ಏಳು ಮಂದಿಯ ಮೇಲೆ ಏರಿ ಬರುವ, ಏಳು ಮಂದಿ ಅವನ ಚಾಳಿಯನ್ನು ಅಳೆಯುತ್ತ ಕಾಯುವ ಕಬಡ್ಡಿಯ ಇತಿಹಾಸವೆಂದರೆ ಬಹುಮಟ್ಟಿಗೆ ಸವೆದ ದಾಳಿಗೆ ಹೊಸ ಹಿಡಿತ ಹುಡುಕಿದ ಇತಿಹಾಸವೇ.

ಹಿಂದೆ ಈ ಆಟಕ್ಕೆ ಒಂದು ನಿಯಮವಿರಲಿಲ್ಲ. ಸಂಜೀವನಿ, ಗಾಮಿನಿ, ಅಮರ ಎಂಬ ಮೂರು ಬಗೆಗಳು ಪ್ರಚಾರದಲ್ಲಿದ್ದವು. ಸಂಜೀವನಿಯಲ್ಲಿ ಎದುರು ಪಕ್ಷದವನು ಔಟಾದರೆ ನಮ್ಮ ಕಡೆ ‘ಸತ್ತವನು’ ಎದ್ದು ಬರುತ್ತಾನೆ. ಗಾಮಿನಿಯಲ್ಲಿ ಸತ್ತವನು ಸತ್ತಂತೆಯೇ. ಅಮರದಲ್ಲಿ ಯಾರೂ ಹೊರಗೆ ಹೋಗುವುದೇ ಇಲ್ಲ, ಅಂಕ ಮಾತ್ರ ಏರುತ್ತದೆ. ಪುಣೆಯ ಡೆಕ್ಕನ್ ಜಿಮ್ಖಾನಾದಂಥ ಸಂಸ್ಥೆಗಳು 1920ರ ಆಸುಪಾಸಿನಲ್ಲಿ ಇದನ್ನೆಲ್ಲ ಒಂದು ಚೌಕಟ್ಟಿಗೆ ತರಲು ಯತ್ನಿಸಿದವು. 1923ರಲ್ಲಿ ಬರೋಡಾದಲ್ಲಿ ಅಖಿಲ ಭಾರತ ಮಟ್ಟದ ಪಂದ್ಯಾವಳಿ ನಡೆಯಿತು. 1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಅಲ್ಲಿ ಆಡಿ ತೋರಿಸಿದರು. ಧಾರವಾಡ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಹುತೂತು ಎಂಬ ಮರಾಠಿ ಹೆಸರು ಈ ಕಡೆಯವರಿಗೆ ಅಪರಿಚಿತವಲ್ಲ.

ಇಂದು ಉಳಿದಿರುವುದು ಬಹುಪಾಲು ಸಂಜೀವನಿಯ ಸಂತಾನ. ಪುರುಷರ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ದಾಳಿಗೆ 30 ಸೆಕೆಂಡು. ಹಿಂದೆ ಉಸಿರೇ ಗಡಿಯಾರವಾಗಿತ್ತು. ಗೆಲ್ಲುತ್ತಿರುವ ತಂಡದ ದಾಳಿಗಾರ ಸುಮ್ಮನೆ ಬಲಕ್‌ ಗೆರೆ ದಾಟಿ, ಯಾರನ್ನೂ ಮುಟ್ಟದೆ ಮರಳುವುದು ಒಂದು ಕಾಲಕ್ಕೆ ಎಲ್ಲರಿಗೂ ತಿಳಿದ ಉಪಾಯ. ಪ್ರೇಕ್ಷಕರು ಆಕಳಿಸುತ್ತಿದ್ದರು. ಅದಕ್ಕೆ ಮದ್ದಾಗಿ ಬಂದದ್ದು, 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿಯಿಂದ ಮನೆಮಾತಾದ ‘ಮಾಡು ಇಲ್ಲವೆ ಮಡಿ’ ದಾಳಿ. ಎರಡು ಸಲ ಬರಿಗೈಯಲ್ಲಿ ಮರಳಿದ ತಂಡ ಮೂರನೆಯ ಸಲ ಅಂಕ ತರಲೇಬೇಕು, ಇಲ್ಲವಾದರೆ ದಾಳಿಗಾರ ಔಟ್. ಹಿಡಿಯುವವರು ಹಿಂದೆ ಸರಿದು ಕೂಡುವುದಕ್ಕೆ ಮದ್ದು ಬೋನಸ್ ಗೆರೆ. ಆರು ಅಥವಾ ಏಳು ಮಂದಿ ಅಂಗಳದಲ್ಲಿದ್ದಾಗ ಆ ಗೆರೆಯಾಚೆ ಒಂದು ಕಾಲೂರಿ ಇನ್ನೊಂದು ಕಾಲನ್ನು ಎತ್ತಿದರೆ ಒಂದಂಕ. ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ದಾಳಿಗಾರನನ್ನು ಹಿಡಿದರೆ ಹಿಡಿದವರಿಗೆ ಒಂದಂಕ ಹೆಚ್ಚು. ಬಡವನಿಗೆ ತೋರಿದ ದಯೆಯಂತಿರುವ ಈ ಕಡೆಯ ನಿಯಮವೇ ಎಲ್ಲಕ್ಕಿಂತ ಜಾಣತನದ್ದು.

ಫುಟ್ಬಾಲ್ ಕೂಡ ಹೀಗೆ ನಿಯಮ ತಿದ್ದಿಕೊಂಡ ಆಟವೇ. ಆಫ್‌ಸೈಡ್ ಬಲೆ ಬೀಸಿ ದಾಳಿಯನ್ನೇ ಕೊಂದಿದ್ದ ರಕ್ಷಕರ ಕಾಟಕ್ಕೆ 1925ರಲ್ಲಿ ನಿಯಮ ಸಡಿಲವಾಯಿತು. ದಾಳಿಗಾರನ ಮುಂದೆ ಮೂವರಿರಬೇಕಾದಲ್ಲಿ ಇಬ್ಬರಿದ್ದರೆ ಸಾಕೆಂದಾಯಿತು, ಗೋಲುಗಳ ಸುರಿಮಳೆಯಾಯಿತು. ಆಗ ಆರ್ಸೆನಲ್ ತಂಡದ ಹರ್ಬರ್ಟ್ ಚಾಪ್ಮನ್ ನಡುವಿನ ಆಟಗಾರನನ್ನು ಹಿಂದಕ್ಕೆ ಎಳೆದು ಮೂರನೆಯ ರಕ್ಷಕನನ್ನಾಗಿ ಮಾಡಿದ. ನಿಯಮ ಬರೆಯುವವರು ಒಂದು ಬಾಗಿಲು ತೆರೆದರೆ ಕಾಯುವವರು ಅಲ್ಲೊಬ್ಬ ದ್ವಾರಪಾಲಕನನ್ನು ನಿಲ್ಲಿಸಿದರು.

ಕಬಡ್ಡಿಯಲ್ಲಿ ಆ ದ್ವಾರಪಾಲಕ ಮೂಲೆಯ ಆಟಗಾರ. ಬೋನಸ್ಸಿಗೆಂದು ಬಂದವನು ಒಂದು ಕಾಲನ್ನು ಎತ್ತಿದ ಕ್ಷಣದಲ್ಲಿ ಅವನ ಇಡೀ ಭಾರ ಇನ್ನೊಂದು ಕಾಲಿನ ಮೇಲಿರುತ್ತದೆ. ಮೂಲೆಯವನು ಬಗ್ಗಿ ಹಿಮ್ಮಡಿಯ ಗಂಟು ಹಿಡಿಯುವುದು ಆಗಲೇ. ಅರ್ಧ ಕ್ಷಣ ಮೊದಲು ಕೈ ಚಾಚಿದರೆ ಮುಟ್ಟಿಸಿಕೊಂಡಂತೆ, ತಡವಾದರೆ ಧೂಳು ಹಿಡಿದಂತೆ. ಕೈ ಕೈ ಹಿಡಿದು ಸರಪಳಿಯಾಗಿ ಬರುವವರ ತೋಳಿನ ಕೆಳಗೆ ನುಸುಳುವ ‘ಡುಬ್ಕಿ’ ಜನಪ್ರಿಯವಾದಾಗ ಹಿಡಿಯುವವರು ತೋಳನ್ನು ಎತ್ತರಕ್ಕೆ ಚಾಚುವುದನ್ನು ಬಿಟ್ಟು, ಮೊಣಕಾಲು ಬಗ್ಗಿಸಿ, ಪಕ್ಕದಿಂದ ಮೈಯನ್ನೇ ಅಡ್ಡ ಹಾಕತೊಡಗಿದರು. ದಾಳಿಗಾರನ ಹೆಸರನ್ನು ಜನ ಕೂಗುತ್ತಾರೆ. ಹಿಡಿದವನ ಹೆಸರು ಮನೆಗೆ ಹೋಗುವಷ್ಟರಲ್ಲಿ ಮರೆತಿರುತ್ತದೆ, ಅಷ್ಟೇ ವ್ಯತ್ಯಾಸ.

ಈ ಮರೆವಿನ ಬೆಲೆಯನ್ನು ಭಾರತ 2018ರಲ್ಲಿ ತೆತ್ತಿತು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿ ಸೇರಿದಾಗಿನಿಂದ 2014ರವರೆಗೆ ಏಳು ಕೂಟಗಳ ಏಳು ಚಿನ್ನವೂ ಭಾರತದ ಪುರುಷರದ್ದೇ. ಜಕಾರ್ತದಲ್ಲಿ ಮೊದಲು ದಕ್ಷಿಣ ಕೊರಿಯ 24–23ರಿಂದ ಸೋಲಿಸಿತು. ಸೆಮಿಫೈನಲ್‌ನಲ್ಲಿ ಇರಾನ್ 27–18ರಿಂದ ಮನೆಗೆ ಕಳಿಸಿತು. ಇರಾನಿನ ಎಡ ಮೂಲೆಯಲ್ಲಿದ್ದ ಫಜಲ್ ಅತ್ರಾಚಲಿ ವರ್ಷಗಳಿಂದ ಪ್ರೊ ಕಬಡ್ಡಿಯಲ್ಲಿ ಆಡುತ್ತಿದ್ದವರು. ಭಾರತದ ದಾಳಿಗಾರರ ಒಂದೊಂದು ಚಾಳಿಯೂ ಅವರಿಗೆ ಪಾಠವಾಗಿತ್ತು. ಮಹಿಳೆಯರ ಫೈನಲ್‌ನಲ್ಲಿಯೂ ಇರಾನ್ 27–24ರಿಂದ ಗೆದ್ದಿತು. ಅವರ ತರಬೇತುದಾರರು ನಾಸಿಕದ ಶೈಲಜಾ ಜೈನ್! ನಾವೇ ಕಲಿಸಿದ ವಿದ್ಯೆ ನಮಗೇ ತಿರುಗಿತು ಎಂದು ಗೊಣಗಿದವರಿದ್ದಾರೆ. ವಿದ್ಯೆ ತಿರುಗಲಿಲ್ಲ, ನಾವು ಅದೇ ಪಟ್ಟನ್ನು ಹಾಕುತ್ತಿದ್ದೆವು ಎಂಬುದು ಹೆಚ್ಚು ಸರಿಯಾದ ಮಾತು.

2023ರ ಹ್ಯಾಂಗ್‌ಝೌ ಫೈನಲ್‌ನಲ್ಲಿ ಮತ್ತೆ ಇರಾನ್ ಎದುರಾಯಿತು. ಕೊನೆಯ ಹೊತ್ತಿನಲ್ಲಿ ಅಂಕ 28–28. ಹಿಂದೆ ಬೆಂಗಳೂರು ಬುಲ್ಸ್‌ನಲ್ಲಿದ್ದು 2019ರ ಜನವರಿಯ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಒಬ್ಬರೇ 22 ಅಂಕ ತಂದಿದ್ದ ಪವನ್ ಸೆಹ್ರಾವತ್ ದಾಳಿಗೆ ಹೋಗಿ, ಯಾರನ್ನೂ ಮುಟ್ಟದೆ ಪಕ್ಕದ ಲಾಬಿಗೆ ಕಾಲಿಟ್ಟರು. ಮುಟ್ಟುವ ಮೊದಲು ಲಾಬಿ ಅಂಗಳದ ಹೊರಗಿನ ನೆಲ. ಅವರ ಬೆನ್ನಿಗೇ ಇರಾನಿನವರೂ ಅಲ್ಲಿಗೆ ನುಗ್ಗಿದರು. ಹಳೆಯ ನಿಯಮದ ಪ್ರಕಾರ ಬೆನ್ನತ್ತಿ ಹೋದವರೂ ಔಟ್, ಹೊಸದರ ಪ್ರಕಾರ ದಾಳಿಗಾರ ಮಾತ್ರ. ಯಾವುದು ಜಾರಿಯಲ್ಲಿದೆ ಎಂಬುದೇ ಜಗಳವಾಗಿ ಆಟ ಸುಮಾರು ಒಂದು ಗಂಟೆ ನಿಂತಿತು. ಕೊನೆಗೆ ಭಾರತ 33–29ರಿಂದ ಗೆದ್ದಿತು. ಹಳ್ಳಿಯ ಪಂದ್ಯದಲ್ಲಿ ಆಟಕ್ಕೆ ಮೊದಲೇ ಇತ್ಯರ್ಥವಾಗುವಂಥ ಮಾತು ಖಂಡದ ದೊಡ್ಡ ಕೂಟದ ಫೈನಲ್‌ನ ಕೊನೆಗಳಿಗೆಯವರೆಗೂ ಉಳಿದದ್ದು ವಿಚಿತ್ರ.

ಹಿಡಿಯುವವನ ಬೆಲೆ ಈಗೀಗ ಏರುತ್ತಿದೆ. ಆ ವರ್ಷದ ಹರಾಜಿನಲ್ಲಿ ಪವನ್‌ಗೆ 2.605 ಕೋಟಿ ರೂಪಾಯಿ ಬಂದರೆ, ಇರಾನಿನ ಹಿಡಿತಗಾರ ಮೊಹಮ್ಮದ್‌ರೆಜಾ ಶಾದ್ಲೂಯಿಗೆ ಪುಣೆಯ ತಂಡ 2.35 ಕೋಟಿ ಕೊಟ್ಟಿತು. ಅವರು ಆ ಋತುವಿನಲ್ಲಿ ಹಿಡಿತದಿಂದಲೇ 99 ಅಂಕ ಗಳಿಸಿದರು. 2024ರ ಮಾರ್ಚ್‌ನಲ್ಲಿ ಪ್ರಶಸ್ತಿ ಗೆದ್ದ ಆ ತಂಡದ ತರಬೇತುದಾರರು ಕರ್ನಾಟಕದ ಬಿ.ಸಿ. ರಮೇಶ್.

ಮೊರಬದ ಎರೆ ಮಣ್ಣು ಮಳೆಗಾಲದಲ್ಲಿ ಕಾಲಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅಂಥ ನೆಲದಲ್ಲಿ ಅಂಗಳವನ್ನು ಹದ ಮಾಡಿಕೊಂಡು ಬರಿಗಾಲಲ್ಲಿ ಆಡುವವರು, ಮ್ಯಾಟಿನ ಮೇಲೆ ಬೂಟು ತೊಟ್ಟು ಗಕ್ಕನೆ ತಿರುಗುವ ದಾಳಿಗಾರನ ಎದುರು ಮೊದಮೊದಲು ಅರ್ಧ ಹೆಜ್ಜೆ ತಡವಾಗುತ್ತಾರೆ. ಕಾಲಿನ ಗಂಟು ಮಾತ್ರ ಎರಡೂ ಕಡೆ ಇರುವುದು ಒಂದೇ ಎತ್ತರದಲ್ಲಿ.